ಮಕ್ಕಳ ದನಿ ಹಿಡಿಯಲು ಒಂದೇ ಫೋನ್ ಸಾಕು

ಪ್ರಶ್ನೆ: ಸರ್, ನಾನು ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಟೀಚರ್. ದಾವಣಗೆರೆಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಒಂಬತ್ತನೇ ತರಗತಿಯಲ್ಲಿ 42 ಮಕ್ಕಳಿದ್ದಾರೆ. ನೋಟ್ಸ್ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ 'ವಾಟ್ ಡಿಡ್ ಯು ಡು ಯೆಸ್ಟರ್‌ಡೇ' ಅಂತ ಕೇಳಿದರೆ ತಲೆ ತಗ್ಗಿಸುತ್ತಾರೆ. ದಾನಿಗಳೊಬ್ಬರು ಶಾಲೆಗೆ ಸ್ಮಾರ್ಟ್ ಟಿವಿ ಕೊಟ್ಟಿದ್ದಾರೆ. ನೆಟ್‌ವರ್ಕ್ ಒಮ್ಮೆ ಇದ್ದರೆ ಇನ್ನೊಮ್ಮೆ ಇಲ್ಲ. ಮಕ್ಕಳ ಹತ್ತಿರ ಫೋನಿಲ್ಲ, ಮನೆಯಲ್ಲಿ ಅಪ್ಪನ ಹತ್ತಿರ ಮಾತ್ರ ಇರುತ್ತದೆ. ಇವರನ್ನು ಇಂಗ್ಲಿಷ್‌ನಲ್ಲಿ ಮಾತಾಡಿಸುವುದಕ್ಕೆ ಯಾವ ಆ್ಯಪ್ ಒಳ್ಳೆಯದು?

ಉತ್ತರ: ಮೇಡಂ, ನಿಮ್ಮ ಮಕ್ಕಳನ್ನು ಮಾತಾಡಿಸುವ ಆ್ಯಪ್ ನಿಮ್ಮ ಫೋನಿನಲ್ಲಿ ಆಗಲೇ ಇದೆ. ಅದೇ ವಾಯ್ಸ್ ರೆಕಾರ್ಡರ್. ಅದಕ್ಕೆ ದುಡ್ಡು ಬೇಡ, ನೆಟ್ ಬೇಡ, ಮಕ್ಕಳ ಹತ್ತಿರ ಫೋನೂ ಬೇಡ. ಇದನ್ನು ಸುಮ್ನೆ ಹೇಳುತ್ತಿಲ್ಲ. ಈ ಉತ್ತರದಲ್ಲಿ ಬೇರೆ ಆ್ಯಪ್‌ಗಳ ಹೆಸರೂ ಬರುತ್ತವೆ, ಆದರೆ ಅವೆಲ್ಲ ಆಮೇಲಿನ ಮಾತು.

ಮೊದಲು ಒಂದು ಲೆಕ್ಕ ಹಾಕೋಣ. ಪಿರಿಯಡ್ 40 ನಿಮಿಷ, ಮಕ್ಕಳು 42. ನೀವು ಹಾಜರಿ ಕೂಡ ತೆಗೆದುಕೊಳ್ಳದೆ, ಒಂದು ಮಾತೂ ಆಡದೆ, ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸಿದರೂ ಒಂದು ಮಗುವಿಗೆ ಒಂದು ನಿಮಿಷ ಸಿಗುವುದಿಲ್ಲ. ನಿಜವಾಗಿ ನಡೆಯುವುದೇನು? ನಾವು 30 ನಿಮಿಷ ಮಾತಾಡುತ್ತೇವೆ, ಮುಂದಿನ ಬೆಂಚಿನ ನಾಲ್ಕು ಜನ ಉತ್ತರ ಕೊಡುತ್ತಾರೆ. 2007ರಿಂದ ನಮ್ಮ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಒಂದನೇ ತರಗತಿಗೇ ಇಂಗ್ಲಿಷ್ ಬಂದಿದೆ. ಅಂದರೆ ನಿಮ್ಮ ಹುಡುಗರು ಎಂಟು ವರ್ಷ ಇಂಗ್ಲಿಷ್ ಪಿರಿಯಡ್‌ನಲ್ಲಿ ಕೂತು ಬಂದವರು. ಎಂಟು ವರ್ಷ ಕೇಳಿದ್ದಾರೆ, ಬೋರ್ಡ್ ನೋಡಿ ಬರೆದುಕೊಂಡಿದ್ದಾರೆ. ತಮ್ಮದೇ ಒಂದು ವಾಕ್ಯವನ್ನು ಬಾಯಿಬಿಟ್ಟು ಹೇಳಿದ್ದು ಎಷ್ಟು ಸಲ ಇರಬಹುದು? ಅವರು ತಲೆ ತಗ್ಗಿಸುವುದು ದಡ್ಡತನದಿಂದ ಅಲ್ಲ. ಬಾಯಿಗೆ ಅಭ್ಯಾಸ ಇಲ್ಲ, ಅಷ್ಟೇ.

ಹಾಗಾಗಿ ಆ್ಯಪ್ ಯಾವುದು ಅನ್ನುವುದಕ್ಕಿಂತ, ಯಾವ ಸಾಧನದಿಂದ ಪ್ರತಿ ಮಗುವಿನ ಬಾಯಿಗೆ ಜಾಸ್ತಿ ಕೆಲಸ ಸಿಗುತ್ತದೆ ಅಂತ ನೋಡಬೇಕು. ನಾನು ಯಾವ ಸಾಧನ ನೋಡಿದರೂ ಇದೊಂದನ್ನೇ ಕೇಳಿಕೊಳ್ಳುತ್ತೇನೆ.

ನಾನು 1994ರಲ್ಲಿ ಮೇಷ್ಟ್ರಾಗಿ ಸೇರಿದಾಗ ಜಗಳೂರು ಕೂಡ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಆಗ ಮನೆಯಿಂದ ಒಂದು ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದೆ. ಖಾಲಿ ಕ್ಯಾಸೆಟ್ ಹಾಕಿ ಮಕ್ಕಳ ದನಿ ಹಿಡಿಯುತ್ತಿದ್ದೆ. ತಮ್ಮ ದನಿ ಮೊದಲ ಸಲ ಕೇಳಿದಾಗ ಮಕ್ಕಳು ಹೆದರುತ್ತಾರೆ, ನಗುತ್ತಾರೆ, 'ಇದು ನಂದಲ್ಲ ಸಾರ್' ಅನ್ನುತ್ತಾರೆ. ಎರಡನೇ ಸಲ ಕಿವಿ ಕೊಡುತ್ತಾರೆ. ಮೂರನೇ ಸಲ, 'ಸಾರ್, ನಾನಿಲ್ಲಿ ತಪ್ಪು ಹೇಳೀನಿ, ಇನ್ನೊಂದ್ಸಲ ಹೇಳ್ಲಾ?' ಅಂತ ತಾವೇ ಕೇಳುತ್ತಾರೆ. ಮೇಷ್ಟ್ರು ಹತ್ತು ಸಲ ತಿದ್ದಿದರೂ ಆಗದ ಕೆಲಸ ಆ ಹೊತ್ತಿಗೆ ಆಗುತ್ತದೆ. ಅಂದು ಕ್ಯಾಸೆಟ್ ಹಿಂದೆ ತಿರುಗಿಸಿ ಹುಡುಕುವುದರಲ್ಲೇ ಅರ್ಧ ಪಿರಿಯಡ್ ಹೋಗುತ್ತಿತ್ತು. ಈಗ ಆ ಕಷ್ಟ ಇಲ್ಲ.

ನೀವು ಹೀಗೆ ಮಾಡಿ. 42 ಮಕ್ಕಳನ್ನು ಏಳೇಳು ಜನರ ಆರು ಗುಂಪು ಮಾಡಿ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದು ಗುಂಪು. ಒಂದು ಮಗುವಿಗೆ 40 ಸೆಕೆಂಡ್. ಏಳು ಜನ ಅಂದರೆ ಐದು ನಿಮಿಷದೊಳಗೆ ಮುಗಿಯುತ್ತದೆ. ಜಗುಲಿಯ ಮೂಲೆಯಲ್ಲಿ, ಗಾಳಿ ಹೊಡೆಯದ ಕಡೆ, ಒಂದು ಬೆಂಚ್ ಹಾಕಿ ಫೋನ್ ಇಡಿ. ಉಳಿದವರಿಗೆ ಓದುವ ಕೆಲಸ ಕೊಟ್ಟಿರಿ. ರೆಕಾರ್ಡ್ ಮಾಡುವ ಜವಾಬ್ದಾರಿಯನ್ನು ಒಬ್ಬ ವಿದ್ಯಾರ್ಥಿಗೆ ಕೊಡಿ. ನೀವು ಎದುರಿಗೆ ಕೂತರೆ ಮತ್ತೆ ಬಾಯಿ ಕಟ್ಟುತ್ತದೆ. ಒಂದು ವಾರದಲ್ಲಿ 42 ದನಿಯೂ ನಿಮ್ಮ ಕೈಗೆ ಬರುತ್ತವೆ. ಅದನ್ನು ಕೇಳುವುದಕ್ಕೆ ಬೇರೆ ಸಮಯ ಹುಡುಕಬೇಡಿ, ವಾಪಸ್ ದಾವಣಗೆರೆಗೆ ಬರುವ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಳ್ಳಿ, ಸಾಕು.

ತಿದ್ದುವಾಗ ಒಂದು ಮಗುವಿಗೆ ಎರಡೇ ಮಾತು. ಚೆನ್ನಾಗಿ ಹೇಳಿದ್ದು ಒಂದು, ಮುಂದಿನ ಸಲ ಸರಿ ಮಾಡಬೇಕಾದ್ದು ಒಂದು. ಏಳು ತಪ್ಪು ಕಂಡರೂ ಆರನ್ನು ಬಿಡಿ. ಬಿಡುವುದು ಕಷ್ಟ, ನನಗೂ ಕಷ್ಟ ಆಗಿತ್ತು. ಆದರೆ ಏಳೂ ಹೇಳಿದರೆ ಮಗು ಏಳನ್ನೂ ಮರೆಯುತ್ತದೆ, ಜೊತೆಗೆ ಮಾತಾಡುವುದನ್ನೇ ನಿಲ್ಲಿಸುತ್ತದೆ. ಮೊದಲ ವಾರದ ದನಿಯನ್ನು ಅಳಿಸಬೇಡಿ. ಆರು ವಾರ ಆದ ಮೇಲೆ ಅದೇ ಮಗುವಿಗೆ ಹಳೆಯದನ್ನೂ ಹೊಸದನ್ನೂ ಒಂದರ ಹಿಂದೆ ಒಂದು ಕೇಳಿಸಿ. ಅಂಕಪಟ್ಟಿ ಹೇಳದ್ದನ್ನು ಆ ಒಂದು ನಿಮಿಷ ಹೇಳುತ್ತದೆ.

ಇದರ ಜೊತೆಗೆ ಇನ್ನೊಂದು ಕಸರತ್ತು ಸೇರಿಸಿ. ಒಂದೇ ವಿಷಯವನ್ನು ಮೂರು ಸಲ, ಮೂರು ಬೇರೆ ಗೆಳೆಯರಿಗೆ, ಪ್ರತಿ ಸಲ ಕಡಿಮೆ ಸಮಯದಲ್ಲಿ ಹೇಳುವುದು. ನ್ಯೂಜಿಲೆಂಡಿನ ಭಾಷಾ ಬೋಧನೆಯ ತಜ್ಞ ಪಾಲ್ ನೇಷನ್ ಅವರ ಬರಹಗಳಿಂದ ಇದು ಇಂಗ್ಲಿಷ್ ಮೇಷ್ಟ್ರುಗಳಿಗೆ ಹೆಚ್ಚು ಗೊತ್ತಾಯಿತು. ಅವರಲ್ಲಿ ನಾಲ್ಕು, ಮೂರು, ಎರಡು ನಿಮಿಷ. ನಮ್ಮ ಮಕ್ಕಳಿಗೆ ಅಷ್ಟು ಉದ್ದ ಆಗುವುದಿಲ್ಲ. 60, 45, 30 ಸೆಕೆಂಡ್ ಇಟ್ಟುಕೊಳ್ಳಿ. ಫೋನಿನ ಟೈಮರ್ ಸಾಕು. ಮೊದಲ ಸಲ ತಡವರಿಸಿದ ವಾಕ್ಯವೇ ಮೂರನೇ ಸಲ ಸಲೀಸಾಗಿ ಹೊರಡುತ್ತದೆ. 21 ಜೋಡಿಗಳು ಒಟ್ಟಿಗೆ ಮಾತಾಡುವಾಗ ಗದ್ದಲ ಆಗುತ್ತದೆ. ಪಕ್ಕದ ತರಗತಿಯವರಿಗೆ ಮೊದಲೇ ಒಂದು ಮಾತು ಹೇಳಿಡಿ.

ಇಷ್ಟಾದರೂ ಮಕ್ಕಳು ಏನು ಮಾತಾಡಬೇಕು ಅನ್ನುವುದು ಉಳಿಯುತ್ತದೆ. 'ಮೈ ಸ್ಕೂಲ್' ಬಗ್ಗೆ ಮಾತಾಡು ಅಂದರೆ ಮತ್ತೆ ಬಾಯಿಪಾಠದ ಪ್ರಬಂಧವೇ ಬರುತ್ತದೆ. ಇದಕ್ಕೆ ನಮ್ಮ ಕಡೆಯಲ್ಲೇ ಒಂದು ದೊಡ್ಡ ಉತ್ತರ ಸಿಕ್ಕಿದೆ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಜೊತೆ ಸೇರಿ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ವ್ಯಾಕರಣವನ್ನು ಮುಂದಿಟ್ಟು ಪಾಠ ಮಾಡಲಿಲ್ಲ. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ ಅಥವಾ ಒಂದು ನಕ್ಷೆ ಇಟ್ಟು ಬಿಡಿಸಬೇಕಾದ ಒಂದು ಸಮಸ್ಯೆ ಕೊಟ್ಟರು. ಮಕ್ಕಳ ಗಮನವೆಲ್ಲ ಉತ್ತರ ಹುಡುಕುವುದರ ಮೇಲೆ, ಇಂಗ್ಲಿಷ್ ಅದರ ದಾರಿಯಲ್ಲಿ ಬರುತ್ತದೆ. ಇಂದು ಪ್ರಪಂಚದ ಎಲ್ಲ ಕಡೆ 'ಟಾಸ್ಕ್' ಇಟ್ಟು ಭಾಷೆ ಕಲಿಸುವವರು 'ಬೆಂಗಳೂರು ಪ್ರಾಜೆಕ್ಟ್' ಅಂತ ಅದನ್ನೇ ನೆನೆಯುತ್ತಾರೆ. ನಮ್ಮ ಮೇಷ್ಟ್ರುಗಳಲ್ಲೇ ಜಾಸ್ತಿ ಜನಕ್ಕೆ ಇದು ಗೊತ್ತಿಲ್ಲ ಅನ್ನುವುದು ನನಗೆ ಬೇಸರದ ವಿಷಯ.

ನಿಮಗೆ ಇದು ಬಹಳ ಸುಲಭ. ದಾವಣಗೆರೆ ಸ್ಟೇಷನ್ನಿನ ರೈಲುಗಳ ಪಟ್ಟಿಯನ್ನು ನೆಟ್ ಇರುವಾಗ ಸ್ಕ್ರೀನ್‌ಶಾಟ್ ತೆಗೆದು ಟಿವಿಯಲ್ಲಿ ತೋರಿಸಿ. 'ಅಜ್ಜಿಯನ್ನು ಮಧ್ಯಾಹ್ನ ಎರಡಕ್ಕೆ ಬೆಂಗಳೂರಿನ ಆಸ್ಪತ್ರೆಗೆ ತಲುಪಿಸಬೇಕು. ಅಜ್ಜಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಜಗಳೂರಿನಿಂದ ಎಷ್ಟು ಹೊತ್ತಿಗೆ ಹೊರಡಬೇಕು? ಯಾವ ರೈಲು?' ಒಂದು ಗುಂಪಿನ ಕೈಯಲ್ಲಿ ರೈಲಿನ ಪಟ್ಟಿ, ಇನ್ನೊಂದರ ಕೈಯಲ್ಲಿ ಬಸ್ಸಿನ ಸಮಯ. ಒಬ್ಬರದ್ದು ಇನ್ನೊಬ್ಬರಿಗೆ ಕಾಣಬಾರದು. ಆಗ ಕೇಳಲೇಬೇಕಲ್ವಾ? 'ವಾಟ್ ಟೈಮ್?' 'ವಿಚ್ ಬಸ್?' ಅಂತ ಶುರುವಾಗಲಿ. ಪೂರ್ಣ ವಾಕ್ಯ ಆಮೇಲೆ ಬರುತ್ತದೆ.

ಟಿವಿಯ ಬಗ್ಗೆ ಹೇಳುವಾಗ ಒಂದು ತರಗತಿ ನೆನಪಿಗೆ ಬರುತ್ತದೆ. ಹರಿಹರದ ಹತ್ತಿರದ ಒಂದು ಶಾಲೆಯಲ್ಲಿ ನಮ್ಮ ಬೆಣ್ಣೆ ದೋಸೆ ಮಾಡುವ ಎರಡು ನಿಮಿಷದ ವಿಡಿಯೋ ಹಾಕಿದ್ದೆ. ದನಿ ಪೂರಾ ಬಂದ್. 'ಈಗ ಕಾಮೆಂಟರಿ ನಿಮ್ದು' ಅಂದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, ಸರಿಯಾದ ಇಂಗ್ಲಿಷ್‌ನಲ್ಲಿ, 'ಹಿ ಈಸ್ ಪೋರಿಂಗ್ ದ ಬ್ಯಾಟರ್' ಅಂದಳು. ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಕೂತಲ್ಲೇ, 'ನೋ! ನೋ ಸಾರ್! ಫಸ್ಟ್ ವಾಟರ್!' ಅಂತ ಕೂಗಿದ. ಅವನ ಮಾವ ದೋಸೆ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದರು. ಅದುವರೆಗೆ ಆ ಹುಡುಗ ನನ್ನ ಪಿರಿಯಡ್‌ನಲ್ಲಿ ಒಂದು ಮಾತೂ ಆಡಿರಲಿಲ್ಲ. 'ವೈ ವಾಟರ್?' ಅಂದೆ. ಎದ್ದು ಬಂದ. ಕೈ ಚಾಚಿ ಹೆಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಮಾಡಿ ತೋರಿಸಿದ. 'ಹಾಟ್ ಸಾರ್. ಟೂ ಹಾಟ್. ವಾಟರ್ ಪುಟ್, ದೆನ್ ಕ್ಲೀನ್, ದೆನ್ ದೋಸೆ.' ಕ್ಲೀನ್ ಅನ್ನುವಾಗ ಪೊರಕೆ ಆಡಿಸಿದ ಹಾಗೆ ಕೈ ಬೀಸಿದ. ಹುಡುಗಿ ಬಿಡಲಿಲ್ಲ. 'ವೇರ್ ಈಸ್ ಬಟರ್?' ಅಂದಳು. 'ಆಫ್ಟರ್! ಆಫ್ಟರ್ ದೋಸೆ, ಬಟರ್ ಮೆನಿ!' ಅಂದ.

'ಬಟರ್ ಮೆನಿ' ತಪ್ಪು, ನಿಜ. ಅದನ್ನು ಆಗ ತಿದ್ದಲಿಲ್ಲ. ವಿಡಿಯೋ ಮತ್ತೆ ಹಾಕಿದೆ. ಈ ಸಲ ನಾನೇ ಕಾಮೆಂಟರಿ ಹೇಳುತ್ತಾ, 'ನೌ ಹಿ ಪುಟ್ಸ್ ಎ ಲಾಟ್ ಆಫ್ ಬಟರ್' ಅಂದೆ. ಹುಡುಗ ತನ್ನಷ್ಟಕ್ಕೆ 'ಲಾಟ್ ಆಫ್ ಬಟರ್, ಲಾಟ್ ಆಫ್ ಬಟರ್' ಅಂತ ಗುನುಗಿದ. ಆ ಮಾತು ಅವನಿಗೆ ಬೇಕಾದ ಹೊತ್ತಿಗೇ ಸಿಕ್ಕಿತು, ಹಾಗಾಗಿ ನೆನಪಿನಲ್ಲಿ ಉಳಿಯಿತು. ಬೋರ್ಡಿನ ಮೇಲೆ 'ಮೆನಿ' ಮತ್ತು 'ಮಚ್' ಅಂತ ಎರಡು ಸಾಲು ಎಳೆದು ಬರೆಸಿದ್ದರೆ ಅವನು ಕಿಟಕಿಯಾಚೆ ನೋಡುತ್ತಿದ್ದ.

ಆದ್ದರಿಂದ ಟಿವಿಯನ್ನು ಪಾಠ ಹೇಳುವುದಕ್ಕೆ ಜಾಸ್ತಿ ಬಳಸಬೇಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ಜಾಲತಾಣ ದೀಕ್ಷಾದಲ್ಲಿ ಪಾಠದ ವಿಡಿಯೋಗಳು ಸಿಗುತ್ತವೆ. ದೀಕ್ಷಾ ಬಂದಿದ್ದು 2017ರಲ್ಲಿ. ಅವುಗಳನ್ನು ನೀವು ಮನೆಯಲ್ಲೇ ನೋಡಿ, ಬೇಕಾದ ಒಂದು ನಿಮಿಷವನ್ನು ಮಾತ್ರ ಆರಿಸಿಕೊಳ್ಳಿ. ಪೂರ್ತಿ ಪಿರಿಯಡ್ ವಿಡಿಯೋ ಹಾಕಿಟ್ಟರೆ ಮಕ್ಕಳು ಸುಮ್ಮನೆ ಕೂರುತ್ತಾರೆ, ನಮಗೂ ಆರಾಮ. ಆದರೆ ಬಾಯಿ ಮತ್ತೆ ಮುಚ್ಚಿತು. ನಿಮ್ಮೂರಿನ ದೃಶ್ಯಗಳನ್ನೇ ಫೋನಿನಲ್ಲಿ ತೆಗೆದರೆ ಇನ್ನೂ ಒಳ್ಳೆಯದು. ಮೆಕ್ಕೆಜೋಳ ರಸ್ತೆ ಮೇಲೆ ಒಣಗಿಸುವುದು, ಕುರಿ ಹಿಂಡು ದಾಟುವುದು, ಸಂತೆಯಲ್ಲಿ ಮೆಣಸಿನಕಾಯಿ ಚೌಕಾಸಿ. ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕಾಡಿದೆ, ಕೊಂಡುಕುರಿಗಾಗಿಯೇ ಉಳಿಸಿಕೊಂಡ ಅಭಯಾರಣ್ಯ. ನಾಲ್ಕು ಕೊಂಬಿನ ಪ್ರಾಣಿ ನಮ್ಮೂರಲ್ಲಿದೆ ಅಂತ ಹೊರಗಿನವರಿಗೆ ಇಂಗ್ಲಿಷ್‌ನಲ್ಲಿ ಹೇಳುವುದಕ್ಕೆ ಮಕ್ಕಳಿಗೆ ಎಷ್ಟು ಹೆಮ್ಮೆ ಇರುತ್ತದೆ ನೋಡಿ.

ಚಿತ್ರದುರ್ಗದ ಕೋಟೆಗೆ ಪ್ರವಾಸ ಹೋದಾಗ ಇದನ್ನೇ ಮಾಡಿಸಿದ್ದೆವು. ಓಬವ್ವನ ಕಿಂಡಿಯ ಮುಂದೆ ಐದು ವಾಕ್ಯ, ಗೋಪಾಲಸ್ವಾಮಿ ಹೊಂಡದ ಮುಂದೆ ಐದು ವಾಕ್ಯ. ಪ್ರತಿ ಜಾಗಕ್ಕೆ ಒಂದು ಗುಂಪು. ಫೋನಿನಲ್ಲಿ ರೆಕಾರ್ಡ್ ಮಾಡಿ ಆಡಿಯೋ ಗೈಡ್ ತಯಾರು ಮಾಡಿದರು. ಓಬವ್ವನ ಒನಕೆಗೆ ಇಂಗ್ಲಿಷ್‌ನಲ್ಲಿ ಏನು ಅನ್ನಬೇಕು ಅಂತ ಕಿಂಡಿಯ ಮುಂದೆಯೇ ದೊಡ್ಡ ಚರ್ಚೆ. 'ಸ್ಟಿಕ್' ಅಂದರು ಕೆಲವರು. 'ಸ್ಟಿಕ್ ಅಲ್ಲ, ಸ್ಟಿಕ್ಕಿನಲ್ಲಿ ಭತ್ತ ಕುಟ್ತಾರಾ?' ಅಂತ ಒಬ್ಬಳು ಜಗಳಕ್ಕೆ ನಿಂತಳು. ಕೊನೆಗೆ ಒನಕೆಯನ್ನು ಒನಕೆ ಅಂತಲೇ ಇಟ್ಟು, 'ಎ ಲಾಂಗ್ ವುಡನ್ ಪೋಲ್ ಫಾರ್ ಪೌಂಡಿಂಗ್ ರೈಸ್' ಅಂತ ವಿವರಿಸಿದರು. ನಿಘಂಟು ನೋಡಿ 'ಪೆಸಲ್' ಅಂತ ಒಂದು ಪದ ಬರೆಸಿದ್ದರೆ ಇಷ್ಟು ಇಂಗ್ಲಿಷ್ ಬರುತ್ತಿರಲಿಲ್ಲ.

ಈಗ ಉಚ್ಚಾರಣೆ. ಫೋನಿನ ಕೀಬೋರ್ಡಿನಲ್ಲಿ ಮೈಕ್ ಚಿಹ್ನೆ ಇದೆಯಲ್ಲ, ಮಾತಾಡಿದ್ದನ್ನು ಅಕ್ಷರ ಮಾಡುವುದು, ಅದು ಒಳ್ಳೆಯ ಕನ್ನಡಿ. ಭಾಷೆಯನ್ನು 'ಇಂಗ್ಲಿಷ್, ಇಂಡಿಯಾ' ಅಂತ ಇಡಿ. ಮಗು ಒಂದು ವಾಕ್ಯ ಹೇಳಲಿ, ಪರದೆಯಲ್ಲಿ ಏನು ಬಂತು ನೋಡಲಿ. ನಮ್ಮ ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನುವುದಕ್ಕೆ ಕಾರಣ ಕನ್ನಡದಲ್ಲೇ ಇದೆ. ನಮ್ಮ ಮಾತುಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಹಾಗಾಗಿ 'ಬಸ್' ಹೋಗಿ 'ಬಸ್ಸು', 'ಬುಕ್' ಹೋಗಿ 'ಬುಕ್ಕು' ಆಗುತ್ತದೆ. ಸ್ಕೂಲ್ ಅನ್ನುವ ಮೊದಲು 'ಇ' ಸೇರಿಕೊಂಡು 'ಇಸ್ಕೂಲ್' ಆಗುತ್ತದೆ. ಮೊದಲಲ್ಲಿ 'ಎ' ಬಂದರೆ 'ಯೆ', 'ಓ' ಬಂದರೆ 'ವೋ', ಹೀಗೆ 'ಎಗ್' ಹೋಗಿ 'ಯೆಗ್', 'ಓನ್ಲಿ' ಹೋಗಿ 'ವೋನ್ಲಿ'. 'ಫ್ಯಾನ್' ಮತ್ತು 'ಪ್ಯಾನ್' ಒಂದೇ ಆಗುವುದೂ ಉಂಟು. 'ವೆಸ್ಟ್' ಅನ್ನುವ ದನಿಯಲ್ಲಿ ಬನಿಯನ್ ಯಾವುದು, ಪಶ್ಚಿಮ ಯಾವುದು ಅಂತ ನಮಗೇ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ 'ವ'. ಒಂದಕ್ಕೆ ಮೇಲಿನ ಹಲ್ಲು ಕೆಳತುಟಿ ಮುಟ್ಟಬೇಕು, ಇನ್ನೊಂದಕ್ಕೆ ತುಟಿ ದುಂಡಗಾಗಬೇಕು. ಕನ್ನಡಿ ಹಿಡಿದು ತೋರಿಸಿ, ಅಥವಾ ಫೋನಿನ ಸೆಲ್ಫಿ ಕ್ಯಾಮೆರಾ ತೆರೆದಿಡಿ.

ಒಂದು ಎಚ್ಚರಿಕೆ. ಮೈಕ್ ತಪ್ಪಾಗಿ ಬರೆದರೆ ಪ್ರತಿ ಸಲವೂ ಮಗುವಿನದೇ ತಪ್ಪಲ್ಲ. ಸುತ್ತ ಸದ್ದು ಇದ್ದರೂ ಅದು ಎಡವುತ್ತದೆ. ಊರಿನ ಹೆಸರು, ಮನುಷ್ಯರ ಹೆಸರು ಬಂದರಂತೂ ಏನೋ ಬರೆಯುತ್ತದೆ. ಕೆಲವು ಸಲ ಮಗು ತಪ್ಪು ಹೇಳಿದರೂ ಹಿಂದೆಮುಂದೆ ನೋಡಿ ಸರಿಯಾದ್ದನ್ನೇ ಊಹಿಸುತ್ತದೆ. ಮೂರು ಸಲ ಹೇಳಿದರೂ ಅದೇ ಪದ ತಪ್ಪು ಬಂದರೆ ಮಾತ್ರ ನೀವು ಮಧ್ಯೆ ಬನ್ನಿ. ಮತ್ತೆ, ಲಂಡನ್ನಿನವರ ಹಾಗೆ ಮಾತಾಡಿಸುವುದು ನಮ್ಮ ಕೆಲಸ ಅಲ್ಲ. ಕೇಳಿದವರಿಗೆ ಅರ್ಥ ಆಗಬೇಕು. 'ಬಸ್ಸು' ಅಂದರೆ ಅರ್ಥ ಆಗುತ್ತದೆ, ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪೀಡಿಸಿದರೆ ಮಗು ಬಾಯಿ ಬಿಡುವುದನ್ನೇ ಬಿಡುತ್ತದೆ.

ತರಗತಿಯಲ್ಲಿ ಕನ್ನಡ ಮಾತಾಡಬಾರದು ಅಂತ ಕೆಲವರು ಹೇಳುತ್ತಾರೆ. ಮಕ್ಕಳಿಗೆ ದಂಡ ಹಾಕುವ ಶಾಲೆಗಳನ್ನೂ ಕಂಡಿದ್ದೇನೆ. ನನಗೆ ಇದು ಒಪ್ಪಿಗೆ ಇಲ್ಲ. ಎರಡು ಭಾಷೆ ಎಲ್ಲಿ ಬೇರೆಯಾಗುತ್ತವೆ ಅಂತ ಕನ್ನಡದಲ್ಲಿ ಎರಡು ಮಾತು ಹೇಳಿದರೆ ಅರ್ಧ ಗಂಟೆಯ ಕೆಲಸ ಉಳಿಯುತ್ತದೆ. 'ನನಗೆ ಇಬ್ಬರು ತಮ್ಮಂದಿರು ಇದ್ದಾರೆ' ಅನ್ನುತ್ತೇವೆ. ಅದನ್ನೇ ಇಟ್ಟುಕೊಂಡು ಮಗು 'ಟು ಮಿ ಟು ಬ್ರದರ್ಸ್ ಆರ್' ಅನ್ನುತ್ತದೆ. ಇಂಗ್ಲಿಷ್‌ನಲ್ಲಿ 'ಹ್ಯಾವ್' ಅಂತ ಒಂದು ಕ್ರಿಯಾಪದವೇ ಇದೆ, ನಮ್ಮಲ್ಲಿ ಅಂಥದ್ದಿಲ್ಲ ಅಂತ ಹೇಳಿಬಿಡಿ. ನಮ್ಮಲ್ಲಿ ಕ್ರಿಯಾಪದ ಕೊನೆಗೆ, ಅವರಲ್ಲಿ ಮಧ್ಯಕ್ಕೆ. ನಾವು 'ಅಲ್ವಾ' ಅನ್ನುವುದನ್ನು ಎಲ್ಲ ಕಡೆ 'ಈಸಿಂಟ್ ಇಟ್' ಮಾಡುತ್ತೇವೆ. ಇದೆಲ್ಲ ಮಕ್ಕಳಿಗೆ ಬಹಳ ಇಷ್ಟ ಆಗುತ್ತದೆ, ತಮ್ಮ ಭಾಷೆಯ ಬಗ್ಗೆ ಹೊಸದಾಗಿ ತಿಳಿದ ಹಾಗೆ.

ಓದುವುದಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ನೋಡಿ. 2015ರಲ್ಲಿ ಶುರುವಾದದ್ದು, ಪೂರ್ತಿ ಉಚಿತ. ಅಲ್ಲಿ ಎಷ್ಟೋ ಕಥೆಗಳು ಕನ್ನಡದಲ್ಲೂ ಇವೆ, ಇಂಗ್ಲಿಷ್‌ನಲ್ಲೂ ಇವೆ, ಅವೇ ಚಿತ್ರಗಳು. ನೆಟ್ ಇದ್ದಾಗ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿದರೆ ಟಿವಿಯಲ್ಲಿ ತೋರಿಸಬಹುದು. ಮೊದಲು ಕನ್ನಡದಲ್ಲಿ ಓದಲಿ, ಮರುದಿನ ಇಂಗ್ಲಿಷ್‌ನಲ್ಲಿ. ಕಥೆ ಗೊತ್ತಿರುವುದರಿಂದ ಪದಗಳಿಗೆ ಹೆದರುವುದಿಲ್ಲ. ಒಂಬತ್ತನೇ ತರಗತಿಯವರಿಗೆ ಒಂದನೇ ಹಂತದ ಕಥೆ ಕೊಡುವುದು ಅವಮಾನ ಅಂದುಕೊಳ್ಳಬೇಡಿ. 'ಇದನ್ನು ಓದಿ, ಮನೆಯಲ್ಲಿ ತಂಗಿಗೆ ಹೇಳಿಕೊಡಬೇಕು' ಅನ್ನಿ. ಆಗ ಅದು ದೊಡ್ಡವರ ಕೆಲಸ ಆಗುತ್ತದೆ.

ಕೇಳಿಸುವುದಕ್ಕೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಆರು ನಿಮಿಷದ ಕಾರ್ಯಕ್ರಮಗಳಿವೆ. ನಿಮ್ಮ ಮಕ್ಕಳಿಗೆ ಸದ್ಯಕ್ಕೆ ಅದು ಜಾಸ್ತಿಯೇ, ನಿಮಗೆ ಒಳ್ಳೆಯದು. ಮಕ್ಕಳಿಗೆ ನಿಮ್ಮ ದನಿಯೇ ಸಾಕು. ಪಾಠದ ಒಂದು ಪ್ಯಾರಾವನ್ನು ನಿಧಾನಕ್ಕೆ ಒಮ್ಮೆ, ಸಹಜ ವೇಗದಲ್ಲಿ ಒಮ್ಮೆ ರೆಕಾರ್ಡ್ ಮಾಡಿ. ಪುಸ್ತಕ ಮುಚ್ಚಿ ಕೇಳಲಿ.

ಪದಗಳ ವಿಷಯಕ್ಕೆ ಯಂತ್ರ ಬೇಕಿಲ್ಲ. ಮೈಕೆಲ್ ವೆಸ್ಟ್ ಅನ್ನುವವರು ಬಂಗಾಳದಲ್ಲಿ ಮೇಷ್ಟ್ರಾಗಿದ್ದವರು. 1953ರಲ್ಲಿ ಅವರು ಹೊರತಂದ ಪಟ್ಟಿಯಲ್ಲಿ ಇದ್ದದ್ದು ಸುಮಾರು 2000 ಪದ. ದಿನಬಳಕೆಯ ಇಂಗ್ಲಿಷಿನ ಬಹುಪಾಲು ಅಷ್ಟರಲ್ಲೇ ನಡೆಯುತ್ತದೆ. ಒಂದು ಕಡೆ ಚಿತ್ರ ಅಥವಾ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್ ಬರೆದ ಚೀಟಿಗಳು, ಮೂರು ಚಪ್ಪಲಿ ಡಬ್ಬ. ಗೊತ್ತಿದ್ದ ಪದ ಮುಂದಿನ ಡಬ್ಬಕ್ಕೆ, ಗೊತ್ತಿಲ್ಲದ್ದು ಮತ್ತೆ ಮೊದಲನೆಯದಕ್ಕೆ. ಮೊದಲ ಡಬ್ಬ ದಿನಾ, ಎರಡನೆಯದು ವಾರಕ್ಕೆರಡು ಸಲ, ಮೂರನೆಯದು ಹದಿನೈದು ದಿನಕ್ಕೊಮ್ಮೆ. ಆ್ಯಂಕಿ ಅನ್ನುವ ಆ್ಯಪ್ ಫೋನಿನಲ್ಲಿ ಮಾಡುವುದೂ ಇದನ್ನೇ.

ಮಕ್ಕಳ ಹತ್ತಿರ ಫೋನ್ ಇಲ್ಲದೆಯೂ ಆಡಬಹುದಾದ ಒಂದು ಆಟ ಇದೆ, ಪ್ಲಿಕರ್ಸ್. ಪ್ರತಿ ಮಗುವಿಗೂ ಒಂದು ಕಾಗದದ ಕಾರ್ಡ್, ಅದರ ಮೇಲೆ ಕಪ್ಪು ಬಿಳುಪು ಚೌಕದ ಗುರುತು. ಪ್ರಶ್ನೆಗೆ ನಾಲ್ಕು ಉತ್ತರ. ತನ್ನ ಉತ್ತರದ ಅಕ್ಷರ ಮೇಲೆ ಬರುವ ಹಾಗೆ ಮಗು ಕಾರ್ಡ್ ತಿರುಗಿಸಿ ಎತ್ತಿ ಹಿಡಿಯುತ್ತದೆ. ನೀವು ಫೋನಿನ ಕ್ಯಾಮೆರಾ ಆಡಿಸಿದರೆ ಯಾರ್‍ಯಾರು ಏನು ಹೇಳಿದರು ಅಂತ ಬರುತ್ತದೆ. ಪಕ್ಕದವರ ಕಾರ್ಡ್ ನೋಡಿ ಕಾಪಿ ಹೊಡೆಯುವುದು ಸುಲಭ ಅಲ್ಲ, ಒಬ್ಬೊಬ್ಬರ ಗುರುತು ಒಂದೊಂದು ಥರ. ಯಾರಿಗೆ ಅರ್ಥ ಆಗಿಲ್ಲ ಅಂತ ತಿಳಿಯುವುದಕ್ಕೆ ಇದು ಒಳ್ಳೆಯದು. ಮಾತಾಡಿಸುವುದಕ್ಕೆ ಅಲ್ಲ. ನೆಟ್ ಬೇಕಾಗುತ್ತದೆ, ಅದನ್ನೂ ನೆನಪಿಡಿ.

ಅಪ್ಪನ ಫೋನಿನ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಕೊರೋನಾ ಕಾಲದಲ್ಲಿ ಚಂದನ ಟಿವಿಯಲ್ಲಿ ಪಾಠ ಬಂತು, ವಾಟ್ಸಾಪ್‌ನಲ್ಲಿ ಹೋಂವರ್ಕ್ ಹೋಯಿತು. ಫೋನ್ ಇರುವ ಮನೆಯ ಮಕ್ಕಳು ಮುಂದೆ ಹೋದರು, ಇಲ್ಲದವರು ಕೂಲಿಗೆ ಹೋದರು. ನಮ್ಮ ಕಣ್ಣೆದುರೇ ಆಯಿತು. ವಾರಕ್ಕೊಂದು ವಾಯ್ಸ್ ಮೆಸೇಜ್ ಕಳಿಸಿ ಅಂತ ಕೇಳಬಹುದು, ಆದರೆ ಕಳಿಸದವರಿಗೆ ಅಂಕ ಕಡಿಮೆ ಮಾಡಬೇಡಿ. ಅಪ್ಪ ತೋಟದಿಂದ ರಾತ್ರಿ ಒಂಬತ್ತಕ್ಕೆ ಬಂದರೆ ಆ ಮಗು ಏನು ಮಾಡಬೇಕು ಹೇಳಿ.

ಗೂಗಲ್ ಟ್ರಾನ್ಸ್‌ಲೇಟ್ ಮತ್ತು ಚಾಟ್‌ಜಿಪಿಟಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಹೋಂವರ್ಕ್ ಅದರಲ್ಲೇ ಬರುತ್ತಿದೆ ಅಂತ ಎಲ್ಲ ಕಡೆ ದೂರು. ಹೆದರಿಸಿದರೆ ನಿಲ್ಲುವುದಿಲ್ಲ. ತರಗತಿಗೇ ತನ್ನಿ. 'ಹೊಟ್ಟೆ ಉರೀತದೆ', 'ಕಣ್ಣಿಗೆ ನಿದ್ದೆ ಹತ್ತಲಿಲ್ಲ', 'ಅವನ ಕೈ ಬಿಗಿ' ಇಂಥ ಮಾತುಗಳನ್ನು ಹಾಕಿ ಏನು ಬರುತ್ತದೆ ಅಂತ ಟಿವಿಯಲ್ಲಿ ತೋರಿಸಿ. ಸರಿ ಇದೆಯಾ, ಇಲ್ಲದಿದ್ದರೆ ಹೇಗೆ ಹೇಳಬೇಕು ಅಂತ ಮಕ್ಕಳೇ ತೀರ್ಮಾನ ಮಾಡಲಿ. ಯಂತ್ರವನ್ನು ತಿದ್ದುವ ಜಾಗದಲ್ಲಿ ಮಗುವನ್ನು ಕೂರಿಸಿದರೆ ಅದು ಕಲಿಯುತ್ತದೆ. ಚಾಟ್‌ಜಿಪಿಟಿ ನಿಮ್ಮ ಸ್ವಂತ ತಯಾರಿಗೆ ಬಹಳ ಉಪಯೋಗ. ಪಾಠದ ಕಷ್ಟದ ಪ್ಯಾರಾವನ್ನು ಸಣ್ಣ ವಾಕ್ಯಗಳಲ್ಲಿ ಬರೆದುಕೊಡು, ಜಗಳೂರಿನ ಸಂತೆ ಇಟ್ಟು ಒಂದು ಸಂಭಾಷಣೆ ಬರೆದುಕೊಡು ಅಂದರೆ ನಿಮಿಷದಲ್ಲಿ ಕೊಡುತ್ತದೆ. ಒಮ್ಮೆ ಓದದೆ ಮಕ್ಕಳಿಗೆ ಕೊಡಬೇಡಿ. ತಪ್ಪನ್ನೂ ಅದು ಧೈರ್ಯವಾಗಿ ಹೇಳುತ್ತದೆ.

ಸಾಧನ ಬಂದರೆ ಕಲಿಕೆ ಬಂತು ಅನ್ನುವ ನಂಬಿಕೆ ನಮ್ಮಲ್ಲಿ ಮಾತ್ರ ಇಲ್ಲ. ಪೆರು ದೇಶದಲ್ಲಿ ಹಳ್ಳಿ ಶಾಲೆಗಳ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ್ದರು. 2012ರಲ್ಲಿ ಬಂದ ಅಧ್ಯಯನ, ಗಣಿತದಲ್ಲೂ ಭಾಷೆಯಲ್ಲೂ ಅಂಕ ಏರಲಿಲ್ಲ ಅಂತ ತೋರಿಸಿತು. ನಾನೂ ಒಂದು ಶಾಲೆಯಲ್ಲಿ ಹೊಸ ಟ್ಯಾಬ್‌ಗಳು ಬೀರುವಿನಲ್ಲೇ ಎರಡು ವರ್ಷ ಕೂತಿದ್ದನ್ನು ನೋಡಿದ್ದೇನೆ. ಒಡೆದು ಹೋದರೆ ಯಾರು ಉತ್ತರ ಕೊಡಬೇಕು ಅನ್ನುವ ಭಯ. ನಿಮ್ಮ ಟಿವಿಗೂ ಹಾಗಾಗದಿರಲಿ. ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ, ಕೀಲಿ ನಿಮ್ಮ ಕೈಯಲ್ಲಿರಲಿ.

ಕೊನೆಯದಾಗಿ ದನಿಗಳ ಜೋಪಾನ. ಮಕ್ಕಳ ರೆಕಾರ್ಡಿಂಗ್, ಅದರಲ್ಲೂ ವಿಡಿಯೋ, ಸ್ಟೇಟಸ್‌ಗೆ ಹಾಕಬೇಡಿ, ಮೇಷ್ಟ್ರುಗಳ ಗ್ರೂಪಿಗೂ ಕಳಿಸಬೇಡಿ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾಯ್ದೆಯ ಪ್ರಕಾರವೂ 18 ತುಂಬದವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಕಾಯ್ದೆ ಹಾಗಿರಲಿ, ತನ್ನ ತೊದಲು ಇಂಗ್ಲಿಷ್ ಊರೆಲ್ಲ ಕೇಳಿತು ಅಂತ ಗೊತ್ತಾದರೆ ಆ ಹುಡುಗಿ ಮತ್ತೆ ಮೈಕ್ ಮುಂದೆ ಬರುವುದಿಲ್ಲ. ಪಾಲಕರ ಸಭೆಯಲ್ಲಿ ಯಾಕೆ ರೆಕಾರ್ಡ್ ಮಾಡುತ್ತೇವೆ ಅಂತ ಹೇಳಿ, ಕೇಳಿಸಿ. ವರ್ಷದ ಕೊನೆಗೆ ಮಕ್ಕಳ ಎದುರೇ ಅಳಿಸಿ.

ಬರುವ ಸೋಮವಾರ ಶುರು ಮಾಡಿ. ಮೊದಲ ಗುಂಪಿಗೆ ಕೊನೆಯ ಬೆಂಚಿನ ಏಳು ಜನರನ್ನೇ ತೆಗೆದುಕೊಳ್ಳಿ. ಪ್ರಶ್ನೆ, 'ನಿಮ್ಮ ಮನೆಯಲ್ಲಿ ಇವತ್ತು ಬೆಳಿಗ್ಗೆ ಮೊದಲು ಎದ್ದವರು ಯಾರು, ಎದ್ದು ಏನು ಮಾಡಿದರು?' ಅಷ್ಟೇ ಇರಲಿ. ಮಧ್ಯೆ ಕನ್ನಡ ಪದ ಬಂದರೆ ಬರಲಿ. ಮತ್ತೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕುವುದನ್ನು ಮರೆಯಬೇಡಿ, ಮಗು ಧೈರ್ಯ ಮಾಡಿ ಬಾಯಿ ತೆರೆದ ಹೊತ್ತಿಗೇ ಯಾರದೋ ಕಾಲ್ ಬಂದುಬಿಡುತ್ತದೆ.